ಆಳ, ಕ್ರೇನ್, ದರ ಮೂರೂ ಸರಿಯಿದ್ದರೂ ಕಂಟೇನರ್ ಬಂದರು ಸರಕು ಕಳೆದುಕೊಳ್ಳುವುದೇಕೆ?

ತೀರರೇಖೆ ಕೇಳಿದ್ದು:

ಬಂದರುಗಳ ಪೈಪೋಟಿ ಬಗ್ಗೆ ಎಲ್ಲಿ ಓದಿದರೂ ಸಿಗುವ ಉತ್ತರ ಒಂದೇ: ಆಳ ಹೆಚ್ಚಿಸಿ, ದೊಡ್ಡ ಕ್ರೇನ್ ತನ್ನಿ, ದರ ಇಳಿಸಿ. ಈ ಮೂರನ್ನೂ ಮಾಡಿದ ಬಂದರುಗಳಿಂದಲೂ ಹಡಗು ಕಂಪನಿಗಳು ವಾರದ ಸೇವೆಯನ್ನೇ ಎತ್ತಿಕೊಂಡು ಪಕ್ಕದ ಬಂದರಿಗೆ ಹೋಗಿರುವುದುಂಟು. ಚರ್ಚೆಗೆಂದು ಒಂದು ಬಂದರನ್ನು ಕಲ್ಪಿಸಿಕೊಳ್ಳೋಣ. ಕಾಲುವೆಯ ಆಳ 16 ಮೀಟರ್. 400 ಮೀಟರ್ ಉದ್ದದ ಹಡಗು ನಿಲ್ಲುವಷ್ಟು ಬರ್ತ್ (ಹಡಗು ಕಟ್ಟಿ ನಿಲ್ಲಿಸುವ ಕಟ್ಟೆ) ಇದೆ. 24 ಸಾಲು ಅಗಲಕ್ಕೆ ಕೈ ಚಾಚುವ ಹೊಸ ಕ್ರೇನ್‌ಗಳಿವೆ. ಕಾಗದದ ಮೇಲೆ ಅವು ಗಂಟೆಗೆ 40 ಮೂವ್ (ಒಂದು ಪೆಟ್ಟಿಗೆ ಇಳಿಸಿದರೆ ಅಥವಾ ಹತ್ತಿಸಿದರೆ ಒಂದು ಮೂವ್) ಮಾಡಬೇಕು, ಸಿಗುತ್ತಿರುವುದು 20–22. ಅರ್ಧದಷ್ಟು ಸರಕು ಟ್ರಾನ್ಸ್‌ಶಿಪ್‌ಮೆಂಟ್ (ಒಂದು ಹಡಗಿನಿಂದ ಇಳಿದು ಇನ್ನೊಂದಕ್ಕೆ ಹತ್ತುವುದು), ಉಳಿದರ್ಧ ಒಳನಾಡಿನದು.

ಇಂಥ ಬಂದರಿನಲ್ಲಿ ಕ್ರೇನ್ ವೇಗ ಅರ್ಧಕ್ಕೆ ಇಳಿಯುವುದು ಎಲ್ಲಿ? ದರ ಇಳಿಸಿದರೆ ಸರಕು ನಿಲ್ಲುತ್ತದೆಯೇ? ಟ್ರಾನ್ಸ್‌ಶಿಪ್‌ಮೆಂಟ್ ನಂಬಿಕೊಂಡು ಹೊಸ ಬರ್ತ್ ಕಟ್ಟಬಹುದೇ? ಲೆಕ್ಕ ಸಮೇತ ಹೇಳಿದರೆ ಉಪಕಾರ.

ಬೇ_ಪ್ಲಾನ್ ಉತ್ತರ:

ಮೊದಲು ಆ 16 ಮೀಟರ್ ನೋಡೋಣ. ಕಾಲುವೆ 16 ಮೀಟರ್ ಆಳವಿದೆ ಎಂದ ಮಾತ್ರಕ್ಕೆ 16 ಮೀಟರ್ ಡ್ರಾಫ್ಟಿನ (ನೀರಿನೊಳಗೆ ಅಷ್ಟು ಮುಳುಗುವ) ಹಡಗು ಒಳಗೆ ಬರುವುದಿಲ್ಲ. ಹಡಗಿನ ತಳಕ್ಕೂ ನೆಲಕ್ಕೂ ನಡುವೆ ನೀರು ಬಿಡಬೇಕು. ಅಲೆ ಇಲ್ಲದ ಒಳಗಾಲುವೆಯಲ್ಲಿ ಡ್ರಾಫ್ಟಿನ ಶೇ 10 ಎಂದು ಹಿಡಿಯುವುದು ವಾಡಿಕೆ, ಅಲೆ ಹೊಡೆಯುವ ಹೊರಗಾಲುವೆಯಲ್ಲಿ ಇನ್ನೂ ಹೆಚ್ಚು ಬೇಕು. 14.5 ಮೀಟರ್ ಡ್ರಾಫ್ಟಿಗೆ 1.45 ಕೂಡಿಸಿದರೆ 15.95. ಅಲ್ಲಿಗೆ ನಿಮ್ಮ ಆಳ ಮುಗಿಯಿತು. 24,000 ಟಿಇಯು (20 ಅಡಿಯ ಪೆಟ್ಟಿಗೆಯ ಲೆಕ್ಕ) ದರ್ಜೆಯ ಹಡಗು ಪೂರ್ತಿ ತುಂಬಿದರೆ 16 ಮೀಟರಿಗೂ ಹೆಚ್ಚು ಮುಳುಗುತ್ತದೆ. ಹಾಗಾಗಿ ಅದು ನಿಮ್ಮಲ್ಲಿಗೆ ಬರುವುದು ಉಬ್ಬರ ಕಾದು, ಇಲ್ಲವೇ ಬೇರೆಡೆ ಒಂದಷ್ಟು ಇಳಿಸಿ ಹಗುರಾದ ಮೇಲೆ. ಎಲ್ಬೆ ನದಿಯಲ್ಲಿ ಸುಮಾರು 100 ಕಿಲೋಮೀಟರ್ ಒಳಗಿರುವ ಹ್ಯಾಂಬರ್ಗ್ ಇಂದಿಗೂ ಅತಿದೊಡ್ಡ ಹಡಗುಗಳನ್ನು ಉಬ್ಬರ ನೋಡಿಕೊಂಡೇ ನಡೆಸುತ್ತದೆ. ಆಳ ಕಡಿಮೆಯಾದ ಬಂದರು ಸರಕನ್ನೆಲ್ಲ ಕಳೆದುಕೊಳ್ಳಬೇಕೆಂದೇನಿಲ್ಲ, ಆದರೆ ಸೇವೆಯ ಸರದಿಯಲ್ಲಿ ಮೊದಲ ಸ್ಥಾನ ಕಳೆದುಕೊಳ್ಳುತ್ತದೆ. ಬೇಗ ತಲುಪಬೇಕಾದ, ಹೆಚ್ಚು ಬಾಡಿಗೆ ಕೊಡುವ ಆಮದು ಸರಕೆಲ್ಲ ಮೊದಲ ಬಂದರಿನಲ್ಲೇ ಇಳಿದುಹೋಗುತ್ತದೆ. ಈ ನಷ್ಟ ಬಂದರಿನ ಲೆಕ್ಕಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ.

ಎತ್ತರವನ್ನೂ ಮರೆಯಬಾರದು. ದೊಡ್ಡ ಹಡಗು ಹಾಯುವಂತೆ ಪನಾಮಾ ಕಾಲುವೆಯ ಹೊಸ ದ್ವಾರಗಳು 2016ರಲ್ಲಿ ತೆರೆದಾಗ ನ್ಯೂಯಾರ್ಕ್–ನ್ಯೂಜೆರ್ಸಿಯ ಮುಖ್ಯ ಟರ್ಮಿನಲ್‌ಗಳಿಗೆ ಅಡ್ಡ ಬಂದದ್ದು ಬಯೋನ್ ಸೇತುವೆ. ಹೂಳೆತ್ತಿದರೂ ಸೇತುವೆಯ ಕೆಳಗೆ 151 ಅಡಿ ಮಾತ್ರ ಜಾಗವಿತ್ತು. ಕಮಾನನ್ನು ಹಾಗೇ ಉಳಿಸಿಕೊಂಡು ರಸ್ತೆಯನ್ನು 215 ಅಡಿಗೆ ಎತ್ತರಿಸಿದ್ದು 2017ರಲ್ಲಿ.

ಇನ್ನು ಹಡಗು ಕಂಪನಿ ಬಂದರಿನಿಂದ ನಿಜವಾಗಿ ಕೊಳ್ಳುವುದು ಗಂಟೆಗಳನ್ನು. ಒಂದು ಭೇಟಿಗೆ 4,000 ಮೂವ್ ಇದ್ದು 5 ಕ್ರೇನ್ ಹಾಕಿದ್ದೀರಿ ಎನ್ನಿ. ಕ್ರೇನಿಗೆ ಗಂಟೆಗೆ 28 ಬಂದರೆ ಒಟ್ಟು 140, ಕೆಲಸ 28.6 ಗಂಟೆಯಲ್ಲಿ ಮುಗಿಯುತ್ತದೆ. 22ಕ್ಕೆ ಇಳಿದರೆ 36.4 ಗಂಟೆ. ಹೆಚ್ಚೂಕಡಿಮೆ 8 ಗಂಟೆ ಹೋಯಿತು, ಉಬ್ಬರ ತಪ್ಪಿದರೆ 10 ಅಂತಿಟ್ಟುಕೊಳ್ಳಿ. ಮುಂದಿನ ಬಂದರು 1,200 ನಾಟಿಕಲ್ ಮೈಲಿ ದೂರ. 16 ನಾಟ್ ವೇಗದಲ್ಲಿ 75 ಗಂಟೆಯ ದಾರಿ. ಅದನ್ನೀಗ 65 ಗಂಟೆಯಲ್ಲಿ ಮುಗಿಸಬೇಕು, ಅಂದರೆ ಸುಮಾರು 18.5 ನಾಟ್. ಗಂಟೆಯ ಇಂಧನ ಖರ್ಚು ವೇಗದ ಘನಕ್ಕೆ ಸರಿಸುಮಾರು ಅನುಪಾತದಲ್ಲಿ ಏರುವುದರಿಂದ ಆ ಒಂದು ದಾರಿಗೇ ಮೂರನೇ ಒಂದರಷ್ಟು ಹೆಚ್ಚು ಎಣ್ಣೆ ಸುಡುತ್ತದೆ. ನೀವು ದರದಲ್ಲಿ ಕೊಟ್ಟ ರಿಯಾಯಿತಿ ಹೀಗೆ ಎಣ್ಣೆಯಲ್ಲೇ ಹೋಗಿಬಿಡುತ್ತದೆ.

ಕ್ರೇನ್ ಸಂಖ್ಯೆ ಹೆಚ್ಚಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಅಕ್ಕಪಕ್ಕದ ಎರಡು ಕ್ರೇನ್‌ಗಳ ಗಾತ್ರವೇ ದೊಡ್ಡದಾದ್ದರಿಂದ ಹತ್ತಿರಹತ್ತಿರದ ಬೇಗಳಲ್ಲಿ (ಪೆಟ್ಟಿಗೆಗಳ ಅಡ್ಡಸಾಲುಗಳಲ್ಲಿ) ಒಟ್ಟಿಗೆ ಕೆಲಸ ಮಾಡಲಾಗದು. ನಿಮ್ಮ ಬಂದರಿನ ಸರಕೆಲ್ಲ ಹಡಗಿನ ಒಂದೇ ಭಾಗದಲ್ಲಿ ಗುಡ್ಡೆಯಾಗಿ, ಅಲ್ಲಿ ಒಂದು ಕ್ರೇನ್ ಮಾತ್ರ ಮಾಡಬಹುದಾದ 1,000 ಮೂವ್ ಇದ್ದರೆ, 28ರ ವೇಗದಲ್ಲೂ ಅದಕ್ಕೇ 35.7 ಗಂಟೆ ಬೇಕು. ಆರನೆಯ, ಏಳನೆಯ ಕ್ರೇನ್ ತಂದರೂ ಹಡಗು ಅದಕ್ಕೆ ಮೊದಲು ಹೊರಡುವುದಿಲ್ಲ. ಇದಕ್ಕೆ ಮದ್ದು ಬರ್ತಿನಲ್ಲಿಲ್ಲ, ಹಿಂದಿನ ಬಂದರುಗಳಲ್ಲಿದೆ. ಯಾವ ಪೆಟ್ಟಿಗೆ ಹಡಗಿನಲ್ಲಿ ಎಲ್ಲಿ ಎಂದು ಗೊತ್ತುಮಾಡುವ ಕಂಪನಿಯ ಸ್ಟೋವೇಜ್ ಪ್ಲಾನರ್ ಜೊತೆ ಮೊದಲೇ ಕೂತು, ನಿಮ್ಮ ಸರಕನ್ನು ಹಡಗಿನುದ್ದಕ್ಕೂ ಹಂಚಿಸಿಕೊಳ್ಳಬೇಕು. ಈ ಮಾತುಕತೆ ಮಾಡುವ ಟರ್ಮಿನಲ್‌ಗೂ ಮಾಡದ ಟರ್ಮಿನಲ್‌ಗೂ ಒಂದೇ ಹಡಗಿನಲ್ಲಿ ಐದಾರು ಗಂಟೆಗಳ ವ್ಯತ್ಯಾಸ ಬರುವುದು ಸಾಮಾನ್ಯ.

ಯಾರ್ಡ್_ಕಂಟ್ರೋಲ್ ಉತ್ತರ:

40 ಯಾಕೆ 20 ಆಗುತ್ತದೆ ಎಂಬುದಕ್ಕೆ ಬೇ_ಪ್ಲಾನ್ ಅವರು ಹಡಗಿನ ಕಡೆಯಿಂದ ಹೇಳಿದರು. ಬಹುಪಾಲು ಬಂದರುಗಳಲ್ಲಿ ಕಾರಣ ಕ್ರೇನಿನ ಬೆನ್ನ ಹಿಂದೆ ಇರುತ್ತದೆ. ಕ್ರೇನ್ ನಿಧಾನವಾಗಿರುವುದಿಲ್ಲ, ಟ್ರೇಲರ್ ಬರುವುದನ್ನು ಕಾಯುತ್ತಿರುತ್ತದೆ.

ಲೆಕ್ಕ ಸುಲಭ. ಗಂಟೆಗೆ 28 ಮೂವ್ ಬೇಕು. ಟ್ರೇಲರ್ ಬರ್ತಿನಿಂದ ಯಾರ್ಡಿಗೆ (ಪೆಟ್ಟಿಗೆ ಪೇರಿಸಿಡುವ ಅಂಗಳಕ್ಕೆ) ಹೋಗಿ ಬರಲು 12 ನಿಮಿಷವಾದರೆ ಗಂಟೆಗೆ 5 ಸುತ್ತು, ಹಾಗಾಗಿ ಒಂದು ಕ್ರೇನಿಗೆ 6 ಟ್ರೇಲರ್ ಸಾಕು. ಯಾರ್ಡಿನ ಕ್ರೇನ್ ಕೆಳಗೆ ಸಾಲು ನಿಂತು ಸುತ್ತು 18 ನಿಮಿಷಕ್ಕೆ ಏರಿದರೆ, ಅದೇ 6 ಟ್ರೇಲರ್ ಕೊಡುವುದು ಗಂಟೆಗೆ 20 ಮೂವ್. ನೀವು ಬರೆದಿರುವ ಅಂಕಿ ಇದೇ. ಇನ್ನೆರಡು ಟ್ರೇಲರ್ ಸೇರಿಸೋಣ ಎಂದರೆ ಯಾರ್ಡಿನ ಸಾಲು ಮತ್ತಷ್ಟು ಉದ್ದವಾಗಿ ಸುತ್ತು 22 ನಿಮಿಷವಾಗುತ್ತದೆ, ಫಲ ಹೆಚ್ಚುಕಡಿಮೆ ಅಷ್ಟೇ.

ಯಾರ್ಡ್ ಕ್ರೇನ್ ಕೆಳಗೆ ಸಾಲು ಯಾಕೆ ಬೆಳೆಯುತ್ತದೆ? ಬೇಕಾದ ಪೆಟ್ಟಿಗೆ ಅಡಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಐದು ಎತ್ತರಕ್ಕೆ ಪೇರಿಸಿದ ರಾಶಿಯಿಂದ ಯಾವುದೋ ಒಂದು ಪೆಟ್ಟಿಗೆ ಬೇಕೆಂದರೆ ಅದರ ಮೇಲೆ ಸರಾಸರಿ 2 ಪೆಟ್ಟಿಗೆ ಇರುತ್ತವೆ. ಮೂರು ಎತ್ತರದಲ್ಲಿ 1. ಆಮದು ಪೆಟ್ಟಿಗೆಗೆ ಯಾವ ಲಾರಿ ಯಾವಾಗ ಬರುತ್ತದೆಂದು ಗೊತ್ತಿಲ್ಲದಿದ್ದರೆ ಈ ಎತ್ತಿಡುವ ಕೆಲಸವೆಲ್ಲ ದಂಡ, ಅದಕ್ಕೆ ಯಾರೂ ಹಣ ಕೊಡುವುದಿಲ್ಲ. ಯಾರ್ಡ್ ಶೇ 70ರ ಆಚೆ ತುಂಬಿದ ಮೇಲೆ, ಮೇಲಿನ ಪೆಟ್ಟಿಗೆಯನ್ನು ತೆಗೆದಿಡಲು ಅದೇ ಬೇಯಲ್ಲಿ ಖಾಲಿ ಜಾಗವೂ ಸಿಗದೆ ಕ್ರೇನ್ ಗಾಲಿ ಉರುಳಿಸಿಕೊಂಡು ಬೇರೆ ಬೇಗೆ ಹೋಗಬೇಕಾಗುತ್ತದೆ. ಅಲ್ಲಿಂದ ಮುಂದೆ ಕುಸಿತ ನಿಧಾನಕ್ಕೆ ಬರುವುದಿಲ್ಲ, ಒಂದೆರಡು ಪಾಳಿಯಲ್ಲೇ ಬಂದುಬಿಡುತ್ತದೆ.

ಆದ್ದರಿಂದ ಬಂದರಿನ ಸಾಮರ್ಥ್ಯ ಕಾಂಕ್ರೀಟಿಗಿಂತ ಪೆಟ್ಟಿಗೆ ಎಷ್ಟು ದಿನ ಕೂರುತ್ತದೆ ಎಂಬುದರ ಮೇಲಿದೆ. ನೆಲದಲ್ಲಿ 6,000 ಟಿಇಯು ಜಾಗ, ಸರಾಸರಿ 3.5 ಎತ್ತರ ಎಂದರೆ ಒಮ್ಮೆಗೆ 21,000 ಟಿಇಯು. ಪೆಟ್ಟಿಗೆ ಸರಾಸರಿ 5 ದಿನ ಕೂತರೆ ವರ್ಷಕ್ಕೆ 15.3 ಲಕ್ಷ ಟಿಇಯು ಸಾಗುತ್ತದೆ. 7 ದಿನ ಕೂತರೆ 10.95 ಲಕ್ಷ. ಒಂದು ಇಟ್ಟಿಗೆಯೂ ಕದಲದೆ 4 ಲಕ್ಷಕ್ಕೂ ಹೆಚ್ಚು ಟಿಇಯು ಹೋಯಿತು. ಇದು ಸರಾಸರಿ ಲೆಕ್ಕ. ಹಬ್ಬದ ಮುಂಚಿನ ಒತ್ತಡಕ್ಕೆ ಇದರಲ್ಲೂ ಐದನೇ ಒಂದು ಭಾಗದಷ್ಟು ಕಳೆದು ಯೋಜಿಸಬೇಕು.

ಮಾಡಬೇಕಾದ್ದು: ಉಚಿತ ದಿನಗಳು ಮುಗಿದ ಮೇಲಿನ ಬಾಡಿಗೆ ಏರುಗತಿಯಲ್ಲಿರಲಿ. ಮೊದಲ ದಿನಕ್ಕೂ ಹತ್ತನೆಯ ದಿನಕ್ಕೂ ಒಂದೇ ದರವಿದ್ದರೆ ಆಮದುದಾರ ಯಾರ್ಡನ್ನೇ ಗೋದಾಮಾಗಿ ಬಳಸುತ್ತಾನೆ. ಲಾರಿಗಳಿಗೆ ಸಮಯ ಕಾಯ್ದಿರಿಸುವ ವ್ಯವಸ್ಥೆ ತಂದು, ಆ ಮಾಹಿತಿಯನ್ನು ಯಾರ್ಡಿನ ಸಾಫ್ಟ್‌ವೇರ್‌ಗೆ ನೇರ ಜೋಡಿಸಿ. ರಾತ್ರಿ ಕ್ರೇನ್ ಬಿಡುವಾಗಿದ್ದಾಗ ನಾಳೆ ಬೆಳಿಗ್ಗೆ ಹೋಗುವ ಪೆಟ್ಟಿಗೆಗಳನ್ನು ಮೇಲಕ್ಕೆ ತಂದಿಡಬಹುದು. ಜೋಡಣೆ ಇಲ್ಲದ ಅಪಾಯಿಂಟ್‌ಮೆಂಟ್ ಗೇಟಿನ ಸಾಲನ್ನು ಒಳಗೆ ತರುತ್ತದೆ, ಅಷ್ಟೇ. ಲಾಸ್ ಏಂಜಲೀಸ್–ಲಾಂಗ್ ಬೀಚ್‌ನಲ್ಲಿ 2005ರಿಂದ ಹಗಲು ಹೊತ್ತಿನ ಪೆಟ್ಟಿಗೆಗೆ ಮಾತ್ರ ಶುಲ್ಕ ಹಾಕಿ ಲಾರಿಗಳನ್ನು ರಾತ್ರಿಗೆ ತಳ್ಳಿದರು. ಶುಲ್ಕ ಮುಗಿಯುವ ಸಂಜೆಯ ಹೊತ್ತಿಗೆ ಸರಿಯಾಗಿ ಲಾರಿಗಳು ಗೇಟಿನಲ್ಲಿ ಜಮಾಯಿಸತೊಡಗಿದವು. 2018ರಲ್ಲಿ ಎರಡೂ ಹೊತ್ತಿಗೆ ಒಂದೇ ಶುಲ್ಕ ಮಾಡಿ ಅಪಾಯಿಂಟ್‌ಮೆಂಟ್ ಕಡೆಗೆ ಹೊರಳಿದರು.

ರಫ್ತಿನ ಕಡೆ ಪೆಟ್ಟಿಗೆಯನ್ನು ಇಳಿಯುವ ಬಂದರು, ಉದ್ದ, ತೂಕದ ವರ್ಗ ಇವುಗಳ ಪ್ರಕಾರ ಬೇರೆಬೇರೆ ಪೇರಿಸಬೇಕು. ಪರಿಶೀಲಿಸಿದ ತೂಕವಿಲ್ಲದೆ ಪೆಟ್ಟಿಗೆ ಹಡಗು ಹತ್ತಬಾರದು ಎಂಬ ನಿಯಮ 2016ರ ಜುಲೈ 1ರಿಂದ ಜಗತ್ತಿನಾದ್ಯಂತ ಇದೆ. ಆದರೆ ತೂಕ ಗೇಟ್ ಒಳಗೆ ಬಂದ ಮೇಲೆ ತಡವಾಗಿ ಸಿಕ್ಕರೆ, ಭಾರದ ಪೆಟ್ಟಿಗೆ ಹಗುರದ ರಾಶಿಯ ತಳದಲ್ಲಿ ಸೇರಿ ಲೋಡಿಂಗ್ ಹೊತ್ತಿಗೆ ರಾಶಿಯನ್ನೇ ಬಿಚ್ಚಬೇಕಾಗುತ್ತದೆ. ತೂಕ ಬಾರದ ಪೆಟ್ಟಿಗೆಯನ್ನು ಗೇಟಿನಲ್ಲೇ ನಿಲ್ಲಿಸಿ. ಕಠಿಣ ಅನ್ನಿಸುತ್ತದೆ, ಆದರೆ ಅದರಿಂದ ಉಳಿದವರ ಪೆಟ್ಟಿಗೆ ಸಮಯಕ್ಕೆ ಹೋಗುತ್ತದೆ.

ಅಳಿವೆ ಉತ್ತರ:

ದರ ಮತ್ತು ಟ್ರಾನ್ಸ್‌ಶಿಪ್‌ಮೆಂಟ್ ಬಗ್ಗೆ ಬರೆಯುತ್ತೇನೆ. ಇವೆರಡನ್ನೂ ಒಂದೇ ಪ್ರಶ್ನೆಯಾಗಿ ನೋಡಬೇಕು.

ಒಳನಾಡಿನ ಸರಕಿಗೆ ದಾರಿ ಸೀಮಿತ. ಕಾರ್ಖಾನೆ ಎಲ್ಲಿದೆಯೋ ಅದಕ್ಕೆ ಹತ್ತಿರದ ಬಂದರು. ಅಲ್ಲಿ ದರ ಸ್ವಲ್ಪ ಇಳಿಸಿದರೆ ಹೊಸ ಸರಕು ಹುಟ್ಟುವುದಿಲ್ಲ. ಜೊತೆಗೆ, ಟರ್ಮಿನಲ್ ಇಳಿಸಿದ ದರ ಹಡಗು ಕಂಪನಿಯ ಕೈ ಸೇರುತ್ತದೆ. ಕಂಪನಿ ರಫ್ತುದಾರನಿಂದ ವಸೂಲಿ ಮಾಡುವ ಹ್ಯಾಂಡ್ಲಿಂಗ್ ಶುಲ್ಕ ಅಷ್ಟೇ ಇಳಿಯಬೇಕೆಂಬ ಕಟ್ಟಳೆ ಇಲ್ಲ. ಟ್ರಾನ್ಸ್‌ಶಿಪ್‌ಮೆಂಟ್ ಇದಕ್ಕೆ ಪೂರ್ತಿ ತಿರುಗುಮುರುಗು. ಆ ಪೆಟ್ಟಿಗೆಗೆ ನಿಮ್ಮ ನೆಲದ ಹಂಗೇ ಇಲ್ಲ. ಎಲ್ಲಿ ಹಡಗು ಬದಲಿಸಬೇಕೆಂಬುದು ಒಂದು ಕಂಪನಿಯ ಒಂದು ನಿರ್ಧಾರ.

2000ದಲ್ಲಿ ಹಡಗು ಕಂಪನಿ ಮೇರ್ಸ್ಕ್ ತನ್ನ ಟ್ರಾನ್ಸ್‌ಶಿಪ್‌ಮೆಂಟನ್ನು ಸಿಂಗಾಪುರದಿಂದ ಜಲಸಂಧಿಯಾಚೆಗಿನ ಮಲೇಷ್ಯಾದ ತಂಜುಂಗ್ ಪೆಲೆಪಾಸ್‌ಗೆ ಎತ್ತಿಕೊಂಡು ಹೋಯಿತು. 2002ರಲ್ಲಿ ಎವರ್‌ಗ್ರೀನ್ ಹಿಂಬಾಲಿಸಿತು. ಸಿಂಗಾಪುರದಲ್ಲಿ ಆಳ, ಕ್ರೇನ್, ದಕ್ಷತೆ ಯಾವುದಕ್ಕೂ ಕೊರತೆ ಇರಲಿಲ್ಲ. ಹೊಸ ಬಂದರು ಕಡಿಮೆ ದರದ ಜೊತೆಗೆ ಮಾಲೀಕತ್ವದಲ್ಲೂ ಪಾಲು ಕೊಟ್ಟಿತು. ಮೇರ್ಸ್ಕ್ ಸಮೂಹದ ಟರ್ಮಿನಲ್ ಕಂಪನಿಗೆ ಅಲ್ಲಿ ಶೇ 30 ಪಾಲಿದೆ. ಎಲ್ಲರಿಗೂ ಸಾಮಾನ್ಯ ಬರ್ತ್ ಎಂಬ ತನ್ನ ನೀತಿಯನ್ನು ಸಿಂಗಾಪುರ ಆಮೇಲೆ ಸಡಿಲಿಸಿ, 2003ರಲ್ಲಿ ಚೀನಾದ ಹಡಗು ಕಂಪನಿ ಕಾಸ್ಕೋ ಜೊತೆ ಜಂಟಿ ಟರ್ಮಿನಲ್ ಮಾಡಿತು, ಮುಂದೆ ಬೇರೆ ದೊಡ್ಡ ಕಂಪನಿಗಳ ಜೊತೆಗೂ ಹಾಗೇ ಮಾಡಿತು. 2024ರಲ್ಲಿ ಅದು 4.1 ಕೋಟಿ ಟಿಇಯು ದಾಟಿದೆ. ದರ ಇಳಿಸಿ ಉಳಿದದ್ದಲ್ಲ ಅದು. ಹಡಗು ಕಂಪನಿಯ ಬಂಡವಾಳವನ್ನೇ ಕಟ್ಟೆಗೆ ಕಟ್ಟಿಹಾಕಿಕೊಂಡದ್ದರಿಂದ, ಮತ್ತು ದಿನಕ್ಕೆ ಎಷ್ಟೋ ದಿಕ್ಕುಗಳಿಗೆ ಫೀಡರ್ (ಸುತ್ತಲಿನ ಬಂದರುಗಳಿಗೆ ಸರಕು ಒಯ್ಯುವ ಚಿಕ್ಕ ಹಡಗು) ಸಿಗುವುದರಿಂದ ಉಳಿಯಿತು. ವಾರಕ್ಕೊಮ್ಮೆ ಮಾತ್ರ ಫೀಡರ್ ಇರುವ ಬಂದರಿನಲ್ಲಿ ದೊಡ್ಡ ಹಡಗು ಅರ್ಧ ದಿನ ತಡವಾದರೆ ಪೆಟ್ಟಿಗೆ ಏಳು ದಿನ ಕೂರುತ್ತದೆ. ಯಾರ್ಡ್_ಕಂಟ್ರೋಲ್ ಅವರ ಲೆಕ್ಕ ಮತ್ತೆ ಅಲ್ಲಿಂದಲೇ ಶುರು.

ಹಾಂಗ್‌ಕಾಂಗ್ ಇನ್ನೊಂದು ಬಗೆ. 2004ರವರೆಗೂ ಜಗತ್ತಿನ ಮೊದಲ ಕಂಟೇನರ್ ಬಂದರು ಅದು. ದಕ್ಷಿಣ ಚೀನಾದ ಕಾರ್ಖಾನೆಗಳ ಸರಕು ಗಡಿ ದಾಟಿ ಲಾರಿಯಲ್ಲಿ ಬರಬೇಕಿತ್ತು. ಶೆನ್‌ಜೆನ್‌ನ ಬಂದರುಗಳಿಗೇ ದೊಡ್ಡ ಹಡಗು ನೇರ ಬರತೊಡಗಿದ ಮೇಲೆ ಆ ಲಾರಿಯ ಖರ್ಚೇ ಅದಕ್ಕೆ ಮುಳುವಾಯಿತು. ಟರ್ಮಿನಲ್ ಒಳಗೆ ಎಷ್ಟೇ ಚುರುಕಿದ್ದರೂ ಗೇಟಿನಾಚೆಯ ಖರ್ಚನ್ನು ಅದು ತುಂಬಿಕೊಡಲಾರದು.

ಬರ್ತ್ ಕಟ್ಟುವ ಪ್ರಶ್ನೆಗೆ: ಬಂದರು ತನ್ನ ಅಂಕಿಅಂಶದಲ್ಲಿ ಟ್ರಾನ್ಸ್‌ಶಿಪ್‌ಮೆಂಟ್ ಪೆಟ್ಟಿಗೆಯನ್ನು ಎರಡು ಸಲ ಎಣಿಸುತ್ತದೆ, ಇಳಿಸುವಾಗ ಒಮ್ಮೆ, ಹತ್ತಿಸುವಾಗ ಒಮ್ಮೆ. ಹಾಗಾಗಿ 10 ಲಕ್ಷ ಟಿಇಯು ಎಂದರೆ ಪೆಟ್ಟಿಗೆಗಳ ಲೆಕ್ಕದಲ್ಲಿ 5 ಲಕ್ಷ ಟಿಇಯು. ಅದನ್ನು ನಂಬಿ ಸಾಲ ಮಾಡುವುದಾದರೆ ಕಂಪನಿಯಿಂದ ಕನಿಷ್ಠ ಪರಿಮಾಣದ ಖಾತರಿ ಬೇಕು, ಕೊರತೆಯಾದರೂ ಹಣ ಕೊಡುವ ಷರತ್ತಿನೊಂದಿಗೆ. ಅದಕ್ಕೆ ಬದಲಾಗಿ ನೀವು ಕೊಡಬೇಕಾದ್ದು ಸಾಮಾನ್ಯ ರಿಯಾಯಿತಿಯಲ್ಲ. ವಾರದ ಇಂಥ ದಿನ, ಇಂಥ ಗಂಟೆಗೆ ಬರ್ತ್, ಗಂಟೆಗೆ ಇಷ್ಟು ಮೂವ್ ಎಂಬ ಲಿಖಿತ ಮಾತು, ತಪ್ಪಿದರೆ ದಂಡ. ಮೇರ್ಸ್ಕ್ ಮತ್ತು ಹಪಾಗ್‌–ಲಾಯ್ಡ್ 2025ರ ಫೆಬ್ರುವರಿಯಲ್ಲಿ ಶುರು ಮಾಡಿದ ಜೆಮಿನಿ ಒಕ್ಕೂಟ ಶೇ 90ಕ್ಕಿಂತ ಹೆಚ್ಚು ಸಮಯಪಾಲನೆಯ ಗುರಿ ಇಟ್ಟುಕೊಂಡಿದೆ. ಅದಕ್ಕಾಗಿ ದೊಡ್ಡ ಹಡಗುಗಳು ಕೆಲವೇ ಬಂದರುಗಳಿಗೆ ಹೋಗುತ್ತವೆ, ಹೆಚ್ಚಿನವು ಅವರದೇ ಹಿಡಿತದವು, ಉಳಿದಲ್ಲಿಗೆ ಷಟಲ್. ಹೊರಗುಳಿದ ಬಂದರುಗಳು ದರ ಇಳಿಸಿದ ಮಾತ್ರಕ್ಕೆ ಆ ಪಟ್ಟಿಗೆ ಸೇರುವುದಿಲ್ಲ.

ತೀರರೇಖೆ:

ಮೂವರಿಗೂ ಧನ್ಯವಾದ. 18 ನಿಮಿಷದ ಸುತ್ತಿನ ಲೆಕ್ಕ ನನ್ನ ಅರ್ಧ ಪ್ರಶ್ನೆಗೆ ಉತ್ತರ ಕೊಟ್ಟಿತು. ಪೂರ್ತಿ ಸ್ವಯಂಚಾಲಿತ ಟರ್ಮಿನಲ್ ಮಾಡಿದರೆ ಈ ಕಾಯುವಿಕೆ ತಪ್ಪುತ್ತದೆಯೇ? ಮತ್ತೆ, ಗೇಟಿನಾಚೆ ಬಂದರು ಆಡಳಿತ ಏನು ಮಾಡಲು ಸಾಧ್ಯ?

ಯಾರ್ಡ್_ಕಂಟ್ರೋಲ್:

ಚಾಲಕನಿಲ್ಲದ ವಾಹನಗಳು ರಾಟರ್‌ಡ್ಯಾಮ್‌ನ ಡೆಲ್ಟಾ ಟರ್ಮಿನಲ್‌ನಲ್ಲಿ 1993ರಿಂದಲೇ ಓಡುತ್ತಿವೆ. ಶಾಂಘೈನ ಯಾಂಗ್‌ಶಾನ್ ನಾಲ್ಕನೇ ಹಂತ 2017ರ ಡಿಸೆಂಬರಿನಲ್ಲಿ ಶುರುವಾಯಿತು. ಸ್ವಯಂಚಾಲನೆ ಕೊಡುವುದು ಸ್ಥಿರತೆಯನ್ನು: ಪಾಳಿ ಬದಲಾದಾಗ, ರಾತ್ರಿ ಮೂರು ಗಂಟೆಗೆ ಅಂಕಿ ಬೀಳುವುದಿಲ್ಲ, ರಾತ್ರಿಯಿಡೀ ಯಾರ್ಡ್ ತಾನೇ ಜೋಡಿಸಿಕೊಳ್ಳುತ್ತದೆ. ಆದರೆ ನುರಿತ ಆಪರೇಟರ್‌ನ ಅತ್ಯುತ್ತಮ ಗಂಟೆಯನ್ನು ಅದು ಮೀರಿಸುತ್ತದೆಂದು ಭಾವಿಸಬೇಡಿ. ತೊಂದರೆ ಬರುವುದು ಅಪವಾದಗಳಲ್ಲಿ. ಮೂಲೆ ಜಜ್ಜಿದ ಪೆಟ್ಟಿಗೆಗೆ ಸ್ಪ್ರೆಡರ್ (ಪೆಟ್ಟಿಗೆ ಹಿಡಿಯುವ ಕ್ರೇನಿನ ಚೌಕಟ್ಟು) ಲಾಕ್ ಕೂರುವುದಿಲ್ಲ, ಅಳತೆ ಮೀರಿದ ಸರಕು ಸೆನ್ಸರಿಗೆ ಅರ್ಥವಾಗುವುದಿಲ್ಲ. ಮನುಷ್ಯ ಆ ಜಾಗಕ್ಕೆ ಹೋಗಬೇಕೆಂದರೆ ಆ ಬ್ಲಾಕನ್ನೇ ನಿಲ್ಲಿಸಬೇಕು. ಟ್ವಿಸ್ಟ್‌ಲಾಕ್ ಬಿಚ್ಚುವುದು, ಲ್ಯಾಶಿಂಗ್ ರಾಡ್ ತೆಗೆಯುವುದು (ಎರಡೂ ಪೆಟ್ಟಿಗೆಯನ್ನು ಹಡಗಿಗೆ ಬಿಗಿಯುವ ಸಾಧನಗಳು) ಇಂದಿಗೂ ಬಹುತೇಕ ಕೈಕೆಲಸವೇ. ಪೆಟ್ಟಿಗೆಯ ಮಾಹಿತಿ ತಪ್ಪಾಗಿ ಬರುವ ಬಂದರು ಮೊದಲು ಮಾಹಿತಿ ಸರಿಮಾಡಿಕೊಳ್ಳಲಿ, ಯಂತ್ರ ಆಮೇಲೆ.

ಹಳಿ_ಹಡಗು ಉತ್ತರ:

ಗೇಟಿನಾಚೆ ಬಂದರು ಮಾಡಬಹುದಾದ ಅತಿ ದೊಡ್ಡ ಕೆಲಸ ರೈಲು. 2002ರಲ್ಲಿ ತೆರೆದ ಅಲಮೀಡಾ ಕಾರಿಡಾರ್ ಲಾಸ್ ಏಂಜಲೀಸ್ ಬಂದರುಗಳಿಂದ ನಗರದ ರೈಲು ಯಾರ್ಡ್‌ಗಳವರೆಗೆ 20 ಮೈಲಿ. ನಡುವಿನ ಭಾಗ ರಸ್ತೆ ಮಟ್ಟಕ್ಕಿಂತ ಕೆಳಗಿನ ಕಂದಕದಲ್ಲಿ ಹೋಗುತ್ತದೆ, ಲೆವೆಲ್ ಕ್ರಾಸಿಂಗ್ ತೊಂದರೆಯಿಲ್ಲ. ಆದರೆ ಹಳಿ ಹಾಕಿದರೆ ಸಾಲದು. ಹಡಗಿನಿಂದ ಇಳಿಯುವಾಗಲೇ ರೈಲಿನ ಪೆಟ್ಟಿಗೆಗಳನ್ನು ಊರಿನ ಪ್ರಕಾರ ಬೇರೆ ಬ್ಲಾಕಿಗೆ ಕಳಿಸದಿದ್ದರೆ, ಒಂದು ರೈಲು ತುಂಬಲು ಇಡೀ ಯಾರ್ಡ್ ಸುತ್ತಬೇಕು. ರೈಲಿನ ಪೆಟ್ಟಿಗೆ ಲಾರಿಯದಕ್ಕಿಂತ ಹೆಚ್ಚು ದಿನ ಕೂರುವ ಬಂದರುಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಕಸ್ಟಮ್ಸ್ ವಿಷಯ ಚಿಕ್ಕದು ಆದರೆ ದೊಡ್ಡ ಫಲ ಕೊಡುತ್ತದೆ: ಹಡಗು ಬರುವ ಮೊದಲೇ ದಾಖಲೆ ಸಲ್ಲಿಸಿ, ಅಪಾಯದ ಅಂದಾಜಿನ ಮೇಲೆ ಆರಿಸಿದ ಪೆಟ್ಟಿಗೆಗಳನ್ನು ಮಾತ್ರ ಸ್ಕ್ಯಾನ್‌ಗೆ ಕಳಿಸುವುದು. ಎಕ್ಸ್‌ರೇ ಯಂತ್ರ ಯಾರ್ಡಿನ ಇನ್ನೊಂದು ತುದಿಯಲ್ಲಿದ್ದರೆ ಆ ಟ್ರೇಲರ್ ಹಡಗಿನ ಕೆಲಸದಿಂದಲೇ ಹೋಗುತ್ತದೆ.

ಬಂದರಿನ ಆಚೆಗಿನ ಗೋದಾಮು ತುಂಬಿದರೆ ಏನಾಗುತ್ತದೆ ಎಂಬುದನ್ನು 2021ರಲ್ಲಿ ಎಲ್ಲರೂ ನೋಡಿದರು. ಲಾಸ್ ಏಂಜಲೀಸ್–ಲಾಂಗ್ ಬೀಚ್ ಹೊರಗೆ ಕಾಯುತ್ತಿದ್ದ ಕಂಟೇನರ್ ಹಡಗುಗಳ ಸಂಖ್ಯೆ ನೂರು ದಾಟಿತು. ಕ್ರೇನ್ ಕಡಿಮೆಯಾದದ್ದಲ್ಲ. ಗೋದಾಮಿನಲ್ಲಿ ಜಾಗವಿಲ್ಲದೆ ಪೆಟ್ಟಿಗೆಗಳು ಚಾಸಿಯ (ಲಾರಿ ಎಳೆಯುವ ಗಾಲಿಚೌಕಟ್ಟಿನ) ಮೇಲೇ ನಿಂತವು, ಚಾಸಿ ವಾಪಸಾಗದೆ ಬಂದರಿನಿಂದ ಪೆಟ್ಟಿಗೆ ಹೊರಡಲಿಲ್ಲ. ಆ ಅಕ್ಟೋಬರಿನಲ್ಲಿ ಎರಡೂ ಬಂದರುಗಳು ಬಹಳ ದಿನ ಕೂತ ಆಮದು ಪೆಟ್ಟಿಗೆಗಳಿಗೆ ದಿನದಿನಕ್ಕೆ ಏರುವ ಶುಲ್ಕ ಘೋಷಿಸಿದವು. ಅದನ್ನು ಒಮ್ಮೆಯೂ ವಸೂಲಿ ಮಾಡಲಿಲ್ಲ, ಘೋಷಣೆಯಾದ ಮೇಲೆ ಹಳೆಯ ಪೆಟ್ಟಿಗೆಗಳು ಕರಗಿದವು. ಖಾಲಿ ಪೆಟ್ಟಿಗೆಗಳನ್ನೂ ಇದೇ ಕಣ್ಣಿನಿಂದ ನೋಡಿ. ಖಾಲಿ ಪೆಟ್ಟಿಗೆ ಹಿಂತಿರುಗಿಸಲು ಜಾಗವಿಲ್ಲದ ಲಾರಿ, ತುಂಬಿದ್ದನ್ನು ಒಯ್ಯಲು ಬರುವುದಿಲ್ಲ.

ಬೇ_ಪ್ಲಾನ್:

ತೀರರೇಖೆ ಅವರೇ, ಯಾವುದೇ ಬಂದರನ್ನು ಅಳೆಯುವುದಾದರೆ ಕ್ರೇನ್ ವೇಗವೊಂದನ್ನೇ ಕೇಳಬೇಡಿ. ಪ್ರತಿ ಹಡಗಿಗೂ ಈ ಸಮಯಗಳನ್ನು ಕೇಳಿ ಪಡೆಯಿರಿ: ಲಂಗರು ಹಾಕಿದ್ದು, ಪೈಲಟ್ ಹತ್ತಿದ್ದು, ಮೊದಲ ಹಗ್ಗ ಕಟ್ಟಿದ್ದು, ಮೊದಲ ಪೆಟ್ಟಿಗೆ ಎತ್ತಿದ್ದು, ಕೊನೆಯದನ್ನು ಇಟ್ಟದ್ದು, ಕೊನೆಯ ಹಗ್ಗ ಬಿಚ್ಚಿದ್ದು. ಆಮೇಲೆ ಮೊದಲ ಹಗ್ಗದಿಂದ ಮೊದಲ ಪೆಟ್ಟಿಗೆಯವರೆಗಿನ ಅಂತರ ನೋಡಿ. ಗ್ಯಾಂಗ್‌ವೇ ಇಳಿಸುವುದು, ಅಧಿಕಾರಿಗಳ ತಪಾಸಣೆ, ಲ್ಯಾಶಿಂಗ್ ತಂಡ ಹತ್ತುವುದು ಎಲ್ಲ ಅದರಲ್ಲೇ ಅಡಗಿರುತ್ತದೆ. 2 ಗಂಟೆ ಹಿಡಿಯುತ್ತಿದ್ದರೆ, ತಪಾಸಣೆಯನ್ನು ಕಾಗದದಲ್ಲಿ ಮೊದಲೇ ಮುಗಿಸಿ ಲ್ಯಾಶಿಂಗ್ ತಂಡವನ್ನು ಬರ್ತಿನಲ್ಲಿ ಸಿದ್ಧ ನಿಲ್ಲಿಸಿ ಅದನ್ನು 45 ನಿಮಿಷಕ್ಕೆ ತರಲು ಸಾಧ್ಯ. ಗಂಟೆಗೆ 140ರ ಲೆಕ್ಕದಲ್ಲಿ ಅದು 175 ಮೂವ್‌ಗೆ ಸಮ. ಹೊಸ ಕ್ರೇನ್ ಕೊಳ್ಳುವ ಮಾತು ಎತ್ತುವ ಮೊದಲು ಈ ಅಂಕಿ ಮೇಜಿನ ಮೇಲಿರಬೇಕು.